ಬೇರೆ ಯಾರನ್ನೋ ನೋಡಲು ಹೋದವರು

ಓದುಗರ ಪತ್ರ: "ಕೆನಡಾದಲ್ಲಿ ಬೆಳೆದ ನನ್ನ ಅಣ್ಣನ ಮಗನಿಗೆ ಈಗ 19 ವರ್ಷ. ಐಸ್ ಹಾಕಿ ಸ್ಕೌಟ್ ಆಗ್ತೀನಿ, ಅಂದ್ರೆ ತಂಡಕ್ಕೆ ಹೊಸ ಹುಡುಗರನ್ನು ಹುಡುಕಿಕೊಡ್ತೀನಿ ಅಂತ ಹಟ ಹಿಡಿದಿದ್ದಾನೆ. ಪಂದ್ಯದ ವಿಡಿಯೋ, ಅಂಕಿ-ಅಂಶ ಎಲ್ಲ ಕಂಪ್ಯೂಟರಿನಲ್ಲೇ ಸಿಗುವಾಗ ಊರೂರು ಅಲೆದು ಹುಡುಗರ ಆಟ ನೋಡೋದು ಒಂದು ಕೆಲಸವೇ? ಅವನೂ ನಿಮ್ಮ ಪತ್ರಿಕೆ ಓದುತ್ತಾನೆ. ನಾಲ್ಕು ಮಾತು ಬುದ್ಧಿ ಹೇಳಿ."

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹುಡುಗನ ಮೇಲಿನ ಕಾಳಜಿ ಅರ್ಥವಾಗುತ್ತದೆ. ಆದರೆ ಆ ನಾಲ್ಕು ಮಾತು ಹೇಳಬೇಕಾದ್ದು ಅವನಿಗಲ್ಲ, ನಿಮಗೇ ಅನ್ನಿಸಿತು. ಬೇಜಾರು ಮಾಡ್ಕೋಬೇಡಿ.

ನಿಮ್ಮ ಮಾತಿನಲ್ಲಿ ಸರಿ ಇರೋದನ್ನು ಮೊದಲೇ ಒಪ್ಪಿಬಿಡುತ್ತೇನೆ. ಸ್ಕೌಟ್‌ಗಳ ಕಣ್ಣು ತಪ್ಪುತ್ತದೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗು ಎನ್‌ಎಚ್‌ಎಲ್. ಅದರ ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 1984ರ ಡ್ರಾಫ್ಟಿನಲ್ಲಿ ಲುಕ್ ರೋಬಿಟೈಲ್ ಎಂಬ ಹುಡುಗ 171ನೆಯವನಾಗಿ ಆಯ್ಕೆಯಾದ. ಸ್ಕೇಟಿಂಗ್ ನಿಧಾನ ಅಂತ ಎಲ್ಲರೂ ಬಿಟ್ಟಿದ್ದರು. ಆಮೇಲೆ ಅವನು ಹೊಡೆದದ್ದು 668 ಗೋಲು. ಅವನು ಜೂನಿಯರ್ ಲೀಗಿನಲ್ಲಿ ಗಳಿಸಿದ್ದ ಅಂಕಗಳನ್ನಷ್ಟೇ ನೋಡಿದ್ದರೂ ಇನ್ನೂ ಮೊದಲೇ ಎತ್ತಿಕೊಳ್ಳಬಹುದಿತ್ತು. ಲೆಕ್ಕ ಬೇಕು, ಬೇಡ ಅಂದವರು ಯಾರು?

ಆದರೆ ಅದೇ 171 ಎಂಬ ಸಂಖ್ಯೆಗೆ ಇನ್ನೊಂದು ಕಥೆ ಇದೆ. ಹೋಕನ್ ಆ್ಯಂಡರ್ಸನ್ ಅಂತ ಸ್ವೀಡನ್ನಿನವರು. ಮೊದಲು ಮೀನು ಹಿಡಿಯಲು ಬರುವವರಿಗೆ ದಾರಿ ತೋರಿಸುವ ಕೆಲಸ ಮಾಡುತ್ತಿದ್ದರು. 1990ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಸ್ಕೌಟ್ ಆದರು. ರಷ್ಯಾದಲ್ಲಿ ದಿಮಿತ್ರಿ ಕಲಿನಿನ್ ಎಂಬ ಹೆಸರುವಾಸಿ ಹುಡುಗನನ್ನು ನೋಡೋಕೆ ಅಂತ ಒಂದು ಪಂದ್ಯಕ್ಕೆ ಹೋದರು. ಅಲ್ಲಿ ಕಣ್ಣು ನೆಟ್ಟದ್ದು ಸಣಕಲು ಮೈಯ ಇನ್ನೊಬ್ಬನ ಮೇಲೆ. ಪಾವೆಲ್ ದಟ್ಸುಕ್. ಹಿಂದಿನ ಡ್ರಾಫ್ಟುಗಳಲ್ಲಿ ಯಾರಿಗೂ ಬೇಡವಾಗಿದ್ದವನು. 1998ರಲ್ಲಿ ಡೆಟ್ರಾಯಿಟ್ ಅವನನ್ನು 171ನೆಯವನಾಗಿ ತೆಗೆದುಕೊಂಡಿತು. ಮರುವರ್ಷ ಇದೇ ಆ್ಯಂಡರ್ಸನ್ ಮ್ಯಾಟಿಯಾಸ್ ವೈನ್‌ಹ್ಯಾಂಡ್ಲ್‌ನನ್ನು ನೋಡಲು ಹೋಗಿ ಹೆನ್ರಿಕ್ ಜೆಟರ್‌ಬರ್ಗ್‌ನನ್ನು ಗುರುತಿಸಿಕೊಂಡು ಬಂದರು. ಅವನು 210ನೆಯವನು. 2008ರಲ್ಲಿ ಡೆಟ್ರಾಯಿಟ್ ಲೀಗ್ ಗೆದ್ದು ಸ್ಟ್ಯಾನ್ಲಿ ಕಪ್ ಎತ್ತಿದಾಗ ಇಬ್ಬರೂ ಆ ತಂಡದ ಜೀವಾಳ.

ಇನ್ನೂ ಹಿಂದಕ್ಕೆ ಹೋಗಿ. 1961ರಲ್ಲಿ ಬಾಸ್ಟನ್ ತಂಡದವರು ಒಂಟಾರಿಯೋದ ಗನನಾಕ್ವೆ ಎಂಬ ಚಿಕ್ಕ ಊರಿಗೆ ಹೋಗಿದ್ದೂ ಬೇರೆ ಇಬ್ಬರು ಹುಡುಗರನ್ನು ನೋಡಲು. ಎದುರು ತಂಡದಲ್ಲಿ 12-13 ವರ್ಷದ ಬಾಬಿ ಓರ್ ಆಡುತ್ತಿದ್ದ, ಮುಂದೆ ಈ ಆಟದ ದಂತಕಥೆಯಾದವನು.

ಈಗ ನೀವೇ ಹೇಳಿ, ಕಲಿನಿನ್‌ನ ತುಣುಕುಗಳನ್ನಷ್ಟೇ ಕಂಪ್ಯೂಟರಿನಲ್ಲಿ ತರಿಸಿಕೊಂಡಿದ್ದರೆ ಆ್ಯಂಡರ್ಸನ್‌ಗೆ ಸಿಗುತ್ತಿದ್ದದ್ದು ಕಲಿನಿನ್ ಒಬ್ಬನೇ ಅಲ್ವಾ? ಕೇಳಿದವನನ್ನು ಮಾತ್ರ ತೋರಿಸುತ್ತದೆ ವಿಡಿಯೋ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆಯೇ ಪಕ್. ಟಿವಿ ಕ್ಯಾಮರಾ ಪಕ್ ಹೋದಲ್ಲೆಲ್ಲ ಹೋಗುತ್ತದೆ. ಸ್ಕೌಟ್ ನೋಡುವುದು ಪಕ್ ಇಲ್ಲದ ಕಡೆ. ಒಬ್ಬ ಆಟಗಾರ ಒಂದು ಸಲಕ್ಕೆ ಐಸ್ ಮೇಲೆ ಇರೋದು ಹೆಚ್ಚುಕಮ್ಮಿ ಮುಕ್ಕಾಲು ನಿಮಿಷ. ಮೂಲೆಗೆ ಪಕ್ ತರಲು ಹೋಗುವ ಮುಂಚೆ ಹುಡುಗ ಒಮ್ಮೆ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡಿದನೋ ಇಲ್ಲವೋ? ತಪ್ಪು ಮಾಡಿ ಬೆಂಚಿಗೆ ಬಂದವನು ಕೋಲನ್ನು ಕುಕ್ಕಿದನೋ, ಪಕ್ಕದವನ ಹತ್ತಿರ ಏನಾಯಿತು ಅಂತ ಕೇಳಿದನೋ? ಕಾಲು ಜೋಮು ಹಿಡಿಯುವ ಚಳಿಯಲ್ಲಿ, ಮೇಲಿನ ಸಾಲಿನ ಮೂಲೆಯಲ್ಲಿ ಕೂತು, ಬಲಗೈಯ ಗ್ಲೌಸು ಕಳಚಿ ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇದು ಯಾವ ಲೆಕ್ಕದ ಪಟ್ಟಿಯಲ್ಲಿ ಬರುತ್ತದೆ?

ಲೆಕ್ಕವೇ ಇಲ್ಲದವನ ಕಥೆ ಬೇಕಾ? ಫಿನ್‌ಲೆಂಡಿನ ಗೋಲ್‌ಕೀಪರ್ ಪೆಕ್ಕಾ ರಿನ್ನೆ ತನ್ನ ತಂಡದಲ್ಲಿ ಎರಡನೆಯವನು, ಪಂದ್ಯ ಆಡುತ್ತಿದ್ದದ್ದೇ ಅಪರೂಪ. ನ್ಯಾಶ್‌ವಿಲ್ ತಂಡದ ಸ್ಕೌಟ್ ಅವನನ್ನು ಪಂದ್ಯಕ್ಕೆ ಮೊದಲಿನ ಅಭ್ಯಾಸದಲ್ಲಿ ನೋಡಿ ನೋಡಿ ಮೆಚ್ಚಿದರು. 2004ರಲ್ಲಿ 258ನೆಯವನಾಗಿ ಬಂದ ಅವನು 2018ರಲ್ಲಿ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತೀವಿ. ಸುಮ್ನೆ ಹೇಳುವ ಮಾತು ಅದು. 18 ವರ್ಷದ ಹುಡುಗನನ್ನು ಇವತ್ತು ನೋಡಿ, ಇನ್ನು ಐದು ವರ್ಷಕ್ಕೆ ಏನಾಗುತ್ತಾನೆ ಅಂತ ಹೆಸರು ಹಾಕಿ ಬರೆದುಕೊಡುವುದು ಎಷ್ಟು ಕಷ್ಟ! ಗೆದ್ದೆತ್ತಿನ ಬಾಲ ಹಿಡಿಯುವವರು ಜಾಸ್ತಿ. ಎತ್ತು ಇನ್ನೂ ಕರುವಾಗಿದ್ದಾಗ ನೋಡಿದವನ ಹೆಸರು ಯಾರಿಗೆ ಗೊತ್ತು?

ಗೊತ್ತಾಗುವುದು ಎಂಥ ಹೊತ್ತಿನಲ್ಲಿ ನೋಡಿ. 2001ರ ಸೆಪ್ಟೆಂಬರ್ 11ರಂದು ಬಾಸ್ಟನ್ನಿನಿಂದ ಹೊರಟು ನ್ಯೂಯಾರ್ಕಿನ ಗೋಪುರಕ್ಕೆ ಬಡಿದ ವಿಮಾನವೊಂದರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ತಂಡದ ಇಬ್ಬರು ಸ್ಕೌಟ್‌ಗಳಿದ್ದರು. ಗಾರ್ನೆಟ್ 'ಏಸ್' ಬೇಲಿ ಮತ್ತು ಮಾರ್ಕ್ ಬೇವಿಸ್. ತಂಡದ ತರಬೇತಿ ಶಿಬಿರಕ್ಕೆ ಹೊರಟಿದ್ದರು. ವರ್ಷಪೂರ್ತಿ ವಿಮಾನದಲ್ಲೇ ಇರುವವರಿಗೆ ಅದೂ ಒಂದು ಮಾಮೂಲಿ ಪ್ರಯಾಣವಾಗಿತ್ತು.

ನೌಕರಿ ಭದ್ರವೇ ಅಂದರೆ ಅಲ್ಲ, ಅದನ್ನು ಹುಡುಗನಿಂದ ಮುಚ್ಚಿಡಬೇಡಿ. 2020ರ ಜೂನ್‌ನಲ್ಲಿ ಬಫಲೋ ಸೇಬರ್ಸ್ ತಂಡ ಜನರಲ್ ಮ್ಯಾನೇಜರನ್ನು ತೆಗೆದ ದಿನವೇ ಬಹುಪಾಲು ಸ್ಕೌಟ್‌ಗಳನ್ನೂ ಮನೆಗೆ ಕಳಿಸಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಾನು ಹಿಂದೆ ದುಡಿದ ಪತ್ರಿಕೆಯ ಕರಡು ತಿದ್ದುವ ಹಿರಿಯರು. ಕಥೆಯ ಮೂರನೇ ಪುಟದಲ್ಲಿ ಸತ್ತ ಮಾವ ಒಂಬತ್ತನೇ ಪುಟದಲ್ಲಿ ಬಂದು ಬಾಗಿಲು ತೆಗೆಯುತ್ತಾನಲ್ಲ ಅಂತ ಹಿಡಿದು ತೋರಿಸುತ್ತಿದ್ದರು. ಕಾಗುಣಿತ ತಿದ್ದುವ ಸಾಫ್ಟ್‌ವೇರ್ ಬಂದ ತಿಂಗಳೇ ಅವರನ್ನು ಕಳಿಸಿಬಿಟ್ಟರು. ಕಾಗುಣಿತವೇನೋ ಸರಿಯಾಯಿತು. ಸತ್ತ ಮಾವಂದಿರು ಎದ್ದು ಬರುವುದನ್ನು ಹೇಳುವವರು ಆಮೇಲೆ ಇರಲಿಲ್ಲ. ನೋಡುವುದೂ ಒಂದು ದುಡಿಮೆ ಅಂತ ಯಾವ ಸಂಸ್ಥೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನನ್ನ ಹಳೇ ಸಂಕಟ.

ಅಣ್ಣನ ಮಗನಿಗೆ ಇಷ್ಟು ಹೇಳಿ. ಬಹಳ ಜನ ಶುರು ಮಾಡುವುದು ಜೂನಿಯರ್ ತಂಡವೊಂದಕ್ಕೆ ಅರೆಕಾಲಿಕವಾಗಿ, ಪೆಟ್ರೋಲ್ ಖರ್ಚಿಗೆ. ಅಷ್ಟರೊಳಗೆ ಅವನು ಹತ್ತಿರದ ರಿಂಕಿಗೆ ಹೋಗಿ ಹದಿನಾರರ ಹುಡುಗರ ಒಂದು ಪಂದ್ಯ ನೋಡಲಿ. ಮೂವರನ್ನು ಆರಿಸಿ ಒಬ್ಬೊಬ್ಬರ ಬಗ್ಗೆ ಐದೈದು ಸಾಲು ಬರೆಯಲಿ. ತಾರೀಖು ಹಾಕಿ ಲಕೋಟೆಯಲ್ಲಿ ಅಂಟಿಸಿ ನಿಮ್ಮ ಹತ್ತಿರ ಕೊಡಲಿ. ಮೂರು ವರ್ಷ ಬಿಟ್ಟು ಇಬ್ಬರೂ ಕೂತು ತೆಗೆದು ಓದಿ. ಓದಿದ ಮೇಲೆ ನನಗೊಂದು ಪತ್ರ ಬರೆಯಿರಿ.