ನಾಡಿ ಹಿಡಿದ ವೈದ್ಯರು ಸಿಟ್ಟಿನ ವಿಚಾರ ಕೇಳಿದ್ದೇಕೆ?

ಪ್ರಶ್ನೆ: ಹಿಮಾಚಲ ಪ್ರವಾಸಕ್ಕೆಂದು ಹೋದವನು ಧರ್ಮಶಾಲೆಯಲ್ಲಿ ಟಿಬೆಟನ್ ವೈದ್ಯರೊಬ್ಬರನ್ನು ಕಂಡೆ. ನನಗೆ ಬಹುಕಾಲದಿಂದ ಎದೆಯುರಿ, ಹುಳಿತೇಗಿನ ತೊಂದರೆಯಿದೆ. ವೈದ್ಯರು ಎರಡೂ ಕೈಗಳ ನಾಡಿ ಹಿಡಿದು ನೋಡಿ, ನಾಲಿಗೆ ಪರೀಕ್ಷಿಸಿ, “ಸಿಟ್ಟು ಬೇಗ ಬರುತ್ತದೆಯೇ?” ಎಂದು ಕೇಳಿದರು. ಅವರ ಹಿಂದಿನ ಗೋಡೆಯಲ್ಲಿ ನೀಲಿ ಮೈಬಣ್ಣದ ಬುದ್ಧನ ಚಿತ್ರವಿತ್ತು. ಇದು ವೈದ್ಯವೋ, ಧರ್ಮವೋ? ಒಂದನ್ನು ಬಿಟ್ಟು ಇನ್ನೊಂದನ್ನು ತಿಳಿಯಲು ಬರುವುದಿಲ್ಲವೇ?

ಉತ್ತರ: ಚಿಕಿತ್ಸೆ ಪಡೆಯಲು ನೀವು ಬೌದ್ಧರಾಗಬೇಕಿಲ್ಲ. ಆದರೆ ಆ ವೈದ್ಯರು ಅಂಥ ಪ್ರಶ್ನೆಯನ್ನು ಏಕೆ ಕೇಳಿದರೆಂದು ತಿಳಿಯಬೇಕಾದರೆ ಬೌದ್ಧ ವಿಚಾರವನ್ನು ಪಕ್ಕಕ್ಕಿಡಲು ಬರುವುದಿಲ್ಲ.

ಸೋವಾ ರಿಗ್ಪಾ ಎಂದು ಕರೆಯಲಾಗುವ ಈ ಟಿಬೆಟನ್ ವೈದ್ಯಪದ್ಧತಿಯ ಮೂಲಗ್ರಂಥ ‘ಗ್ಯೂಶಿ’. ತಂತ್ರಗಳೆಂಬ ನಾಲ್ಕು ಭಾಗಗಳಾಗಿ, 156 ಅಧ್ಯಾಯಗಳಲ್ಲಿ ಹರಡಿಕೊಂಡಿರುವ ಈ ಗ್ರಂಥಕ್ಕೆ ಇಂದಿನ ರೂಪ ಕೊಟ್ಟವರು 12ನೆಯ ಶತಮಾನದ ಯುತೋಕ್ ಯೊಂಟೆನ್ ಗೊಂಪೊ ಎಂಬುದು ಪರಂಪರೆಯ ನಂಬಿಕೆ. ದೇಹವನ್ನು ನಡೆಸುವ ಲುಂಗ್, ತ್ರಿಪಾ, ಬೇಕೆನ್ ಎಂಬ ಮೂರು ಶಕ್ತಿಗಳನ್ನು ಅದು ಹೇಳುತ್ತದೆ. ಆಯುರ್ವೇದ ಬಲ್ಲವರಿಗೆ ಕೂಡಲೇ ವಾತ, ಪಿತ್ತ, ಕಫಗಳ ನೆನಪಾದೀತು, ಅದು ಸಹಜವೂ ಹೌದು. ಏಕೆಂದರೆ ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ವು 11ನೆಯ ಶತಮಾನದಲ್ಲಿ, ಅನುವಾದಕ ರಿಂಚೆನ್ ಝಾಂಗ್ಪೊ ಅವರ ಕಾಲದಲ್ಲೇ, ಟಿಬೆಟಿನ ಭಾಷೆಗೆ ಬಂದಿತ್ತು. ಅದರ ಜೊತೆಗೆ ಚೀನಾ ಮತ್ತು ಪರ್ಷಿಯಾದ ಕಡೆಯ ವೈದ್ಯಜ್ಞಾನವೂ ಅಲ್ಲಿಗೆ ಹರಿದು ಬಂದಿದೆ.

ಬೌದ್ಧ ವಿಚಾರ ಇಲ್ಲಿ ಸೇರಿಕೊಳ್ಳುವುದು ಈ ಮೂರು ಏಕೆ ಕೆಡುತ್ತವೆ ಎಂಬ ಪ್ರಶ್ನೆಯಲ್ಲಿ. ಆಹಾರ, ಋತು, ನಡವಳಿಕೆಗಳು ಹತ್ತಿರದ ಕಾರಣಗಳು. ದೂರದ ಕಾರಣವನ್ನು ಮಾತ್ರ ಗ್ರಂಥವು ಮನಸ್ಸಿನಲ್ಲೇ ಹುಡುಕುತ್ತದೆ. ರಾಗವು (ಅಂಟಿಕೊಳ್ಳುವ ಆಸೆ) ಲುಂಗ್ ಅನ್ನು, ದ್ವೇಷವು ತ್ರಿಪಾವನ್ನು, ಮೋಹವು (ಮನಸ್ಸಿನ ಮಂಕು) ಬೇಕೆನ್ ಅನ್ನು ಕೆದಕುತ್ತದೆ, ಈ ಮೂರರ ಬೇರಿನಲ್ಲಿ ‘ನಾನು’ ಎಂಬುದನ್ನು ಶಾಶ್ವತವೆಂದೂ ಎಲ್ಲದರಿಂದ ಬೇರೆಯೆಂದೂ ಹಿಡಿದುಕೊಳ್ಳುವ ಅವಿದ್ಯೆ ಇದೆ ಎಂಬುದು ಅದರ ನಿಲುವು. ಜೀರ್ಣಕ್ರಿಯೆ ಮತ್ತು ದೇಹದ ಶಾಖ ತ್ರಿಪಾದ ಕೆಲಸ. ನಿಮ್ಮ ಎದೆಯುರಿಯನ್ನು ಅದರ ಲೆಕ್ಕಕ್ಕೆ ಸೇರಿಸಿದ್ದರಿಂದಲೇ ವೈದ್ಯರು ಸಿಟ್ಟಿನ ವಿಚಾರವನ್ನು ಕೇಳಿರಬೇಕು. ಅದು ಉಪದೇಶದ ಪೀಠಿಕೆಯಲ್ಲ, ರೋಗನಿದಾನದ ಒಂದು ಭಾಗ. ದುಃಖವಿದೆ, ಅದಕ್ಕೆ ಕಾರಣವಿದೆ, ಅದು ನಿಲ್ಲಬಲ್ಲದು, ನಿಲ್ಲಿಸುವ ದಾರಿಯಿದೆ ಎಂಬ ನಾಲ್ಕು ಆರ್ಯಸತ್ಯಗಳನ್ನು ಬೌದ್ಧ ಗ್ರಂಥಗಳು ರೋಗ, ರೋಗಕಾರಣ, ಆರೋಗ್ಯ, ಔಷಧ ಎಂಬ ಅನುಕ್ರಮಕ್ಕೆ ಹೋಲಿಸಿ, ಬುದ್ಧನನ್ನು ಮಹಾವೈದ್ಯನೆಂದು ಕರೆದಿರುವುದನ್ನೂ ಇದರೊಡನೆ ನೆನೆಯಬೇಕು.

ಇನ್ನು ನಾಡಿ ಪರೀಕ್ಷೆ. ವೈದ್ಯರು ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ನಿಮ್ಮ ಮಣಿಕಟ್ಟಿನ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟಿದ್ದು ನೆನಪಿರಬಹುದು. ತೋರುಬೆರಳು ಚರ್ಮದ ಮಟ್ಟದಲ್ಲಿ ನಿಲ್ಲುತ್ತದೆ, ನಡುಬೆರಳು ಮಾಂಸದವರೆಗೆ ಒತ್ತುತ್ತದೆ, ಉಂಗುರಬೆರಳು ಮೂಳೆಯವರೆಗೆ ಇಳಿಯುತ್ತದೆ. ಪ್ರತಿ ಬೆರಳ ತುದಿಯ ಎರಡು ಬದಿಗಳಲ್ಲಿ ಎರಡು ಬೇರೆ ಬೇರೆ ಅಂಗಗಳನ್ನು ಓದುತ್ತಾರೆ. ಹೀಗೆ ಎರಡೂ ಕೈ ಸೇರಿ 12 ಜಾಗಗಳಾಗುತ್ತವೆ. ಗಂಡಸರಿಗೆ ಎಡಗೈಯಿಂದಲೂ ಹೆಂಗಸರಿಗೆ ಬಲಗೈಯಿಂದಲೂ ಆರಂಭಿಸುವುದು ರೂಢಿ. ಬಡಿತದ ಅಳತೆಗೆ ಗಡಿಯಾರ ಬೇಕಿಲ್ಲ, ವೈದ್ಯರ ಸ್ವಂತ ಉಸಿರೇ ಅಳತೆಗೋಲು: ಅವರ ಒಂದು ಪೂರ್ಣ ಉಸಿರಾಟಕ್ಕೆ ರೋಗಿಯ ನಾಡಿ ಐದು ಸಲ ಬಡಿದರೆ ಆರೋಗ್ಯ, ಹೆಚ್ಚಾದರೆ ಉಷ್ಣದ ಬಾಧೆ, ಕಡಿಮೆಯಾದರೆ ಶೀತದ ಬಾಧೆ. ಆದ್ದರಿಂದ ನಾಡಿ ಹಿಡಿಯುವವರ ಮನಸ್ಸೂ ಉಸಿರೂ ಮೊದಲು ನೆಲೆಗೆ ನಿಂತಿರಬೇಕಾಗುತ್ತದೆ. ವೈದ್ಯನಿಗೆ ಕರುಣೆ ಮತ್ತು ಧ್ಯಾನದ ಶಿಸ್ತು ಇರಬೇಕೆಂದು ಗ್ರಂಥ ಒತ್ತಿ ಹೇಳುವುದಕ್ಕೆ ಇಂಥ ವ್ಯಾವಹಾರಿಕ ಅರ್ಥವೂ ಇದೆಯೆಂದು ನನಗೆ ತೋರುತ್ತದೆ.

ಗೋಡೆಯಲ್ಲಿದ್ದ ನೀಲಿ ಬುದ್ಧ ಭೈಷಜ್ಯಗುರು. ಟಿಬೆಟನ್ನರು ಸಂಗ್ಯೆ ಮೆನ್ಲಾ ಎನ್ನುತ್ತಾರೆ. ಮುಂದೆ ಆ ಚಿತ್ರ ಕಂಡಾಗ ಬಲಗೈಯನ್ನು ಗಮನಿಸಿ. ಅಲ್ಲಿರುವುದು ಅಳಲೆಕಾಯಿಯ ಗಿಡದ ಟೊಂಗೆ. ನಮ್ಮ ತ್ರಿಫಲದ ಅಳಲೆ, ತಾರೆ, ನೆಲ್ಲಿ ಮೂರೂ ಅವರ ಔಷಧಗಳಲ್ಲಿವೆ. ಅವುಗಳಲ್ಲಿ ಅಳಲೆಗೆ ಔಷಧಗಳ ರಾಜನೆಂಬ ಮನ್ನಣೆ.

ಪ್ರಶ್ನೆ: ನನ್ನ ಅಕ್ಕ ಅನೇಕ ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಲಡಾಖ್ ಪ್ರವಾಸದಲ್ಲಿ ಸಹಪ್ರಯಾಣಿಕರೊಬ್ಬರು, ಬೌದ್ಧರ ಪ್ರಕಾರ ಕಾಯಿಲೆಯೆಲ್ಲ ಹಿಂದಿನ ಜನ್ಮದ ಕರ್ಮಫಲ ಎಂದರು. ಹಾಗಾದರೆ ರೋಗಿಯದೇ ತಪ್ಪು ಎಂದಾಯಿತಲ್ಲವೇ?

ಉತ್ತರ: ಆಗಲಿಲ್ಲ. ನಿಮ್ಮ ಅಕ್ಕನವರ ಕಿವಿಗೆ ಈ ಮಾತು ಬಿದ್ದಿದ್ದರೆ ದಯವಿಟ್ಟು ಈ ಉತ್ತರವನ್ನೂ ಅವರಿಗೆ ಓದಿ ಹೇಳಿ.

ಗ್ಯೂಶಿ ಪರಂಪರೆಯು ರೋಗಗಳನ್ನು 404 ಎಂದು ಎಣಿಸಿ, 101ರಂತೆ ನಾಲ್ಕು ಗುಂಪು ಮಾಡುತ್ತದೆ. ಪೂರ್ವಜನ್ಮದ ಕರ್ಮಕ್ಕೆ ಸೇರುವುದು ಅವುಗಳಲ್ಲಿ ಒಂದು ಗುಂಪು ಮಾತ್ರ. ಉಳಿದವುಗಳಲ್ಲಿ ಈ ಜನ್ಮದ ಕಾರಣಗಳಿಂದ ಹುಟ್ಟುವವು ಒಂದು ಗುಂಪು, ಭೂತಬಾಧೆಯೆಂದು ನಂಬಲಾಗುವವು ಇನ್ನೊಂದು, ಪಥ್ಯ ಸರಿಪಡಿಸಿದರೆ ತಾವಾಗಿ ಹೋಗುವ ಮೇಲುಮೇಲಿನವು ಮತ್ತೊಂದು. ಅದಕ್ಕಿಂತ ಹಳೆಯ ಆಧಾರ ಬೇಕಿದ್ದರೆ ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತನಿಕಾಯದಲ್ಲಿದೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಪೂರ್ವಕರ್ಮದಿಂದಲೇ ಬರುತ್ತದೆಯೇ ಎಂದು ಸೀವಕನೆಂಬ ಪರಿವ್ರಾಜಕ ಕೇಳಿದಾಗ ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಕಫ, ವಾತ, ಇವು ಮೂರರ ಕೂಟ, ಋತುವಿನ ಬದಲಾವಣೆ, ಅಜಾಗ್ರತೆಯ ನಡವಳಿಕೆ, ಹೊರಗಿನಿಂದ ಬಿದ್ದ ಪೆಟ್ಟು, ಕೊನೆಯದಾಗಿ ಕರ್ಮ. ಎಲ್ಲವೂ ಪೂರ್ವಕರ್ಮವೇ ಎನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನೇ ಮೀರಿ ಮಾತಾಡುತ್ತಾರೆ ಎಂಬುದು ಅಲ್ಲಿಯ ತೀರ್ಪು.

ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದ ಇನ್ನೊಂದು ಪ್ರಸಂಗವನ್ನೂ ಹೇಳಲೇಬೇಕು. ಭೇದಿಯಿಂದ ನರಳುತ್ತ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧ ಕಂಡ. ಇವನಿಂದ ಸಂಘಕ್ಕೆ ಯಾವ ಉಪಯೋಗವೂ ಇಲ್ಲವೆಂದು ಉಳಿದ ಭಿಕ್ಷುಗಳು ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಬುದ್ಧ ಶಿಷ್ಯ ಆನಂದನಿಂದ ನೀರು ತರಿಸಿ, ತಾನೇ ನೀರು ಹೊಯ್ದು, ಆನಂದ ಮೈ ತೊಳೆದು, ಇಬ್ಬರೂ ತಲೆ ಕಾಲು ಹಿಡಿದೆತ್ತಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನನಗೆ ಶುಶ್ರೂಷೆ ಮಾಡಬಯಸುವವನು ರೋಗಿಗೆ ಮಾಡಲಿ ಎಂದ. ಆ ಭಿಕ್ಷುವಿನ ಹಿಂದಿನ ಜನ್ಮದ ವಿಚಾರ ಅಲ್ಲಿ ಒಂದು ಮಾತಾಗಿಯೂ ಬರುವುದಿಲ್ಲ. ಕರ್ಮಸಿದ್ಧಾಂತವು ನನ್ನ ಮುಂದಿನ ನಡೆಯನ್ನು ತಿದ್ದಿಕೊಳ್ಳಲಿಕ್ಕೆ ಇರುವುದೇ ಹೊರತು ಇನ್ನೊಬ್ಬರ ನೋವಿಗೆ ತೀರ್ಪು ಬರೆಯಲಿಕ್ಕಲ್ಲ.

ಪ್ರಶ್ನೆ: ಪ್ರವಾಸದಿಂದ ಮರಳಿದ ಗೆಳತಿ ‘ರತ್ನ ಗುಳಿಗೆ’ ಎಂಬ ಟಿಬೆಟನ್ ಔಷಧ ತಂದುಕೊಟ್ಟಿದ್ದಾಳೆ. ನಾನು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ನುಂಗಬಹುದೇ?

ಉತ್ತರ: ಸದ್ಯಕ್ಕೆ ಬೇಡ. ರಿಂಚೆನ್ ರಿಲ್ಬು ಎಂಬ ಈ ಗುಳಿಗೆಗಳಲ್ಲಿ ಗಿಡಮೂಲಿಕೆಗಳ ಜೊತೆ ಲೋಹ ಮತ್ತು ಖನಿಜಗಳೂ ಇರುತ್ತವೆ, ಕೆಲವುಗಳಲ್ಲಿ ದೀರ್ಘ ಶೋಧನೆಗೆ (ಶುದ್ಧೀಕರಣಕ್ಕೆ) ಒಳಪಡಿಸಿದ ಪಾದರಸವೂ ಸೇರುತ್ತದೆ. ಶೋಧನೆಯಿಂದ ವಿಷ ಹೋಗುತ್ತದೆಂಬುದು ಪರಂಪರೆಯ ವಿಶ್ವಾಸ. ಪಾದರಸ ಮೂತ್ರಪಿಂಡಕ್ಕೂ ನರಮಂಡಲಕ್ಕೂ ಮಾಡುವ ಹಾನಿ ವೈದ್ಯವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಒಬ್ಬರ ನಾಡಿ ನೋಡಿ ಕೊಡಬೇಕಾದ ಔಷಧವನ್ನು ಇನ್ನೊಬ್ಬರು ಉಡುಗೊರೆಯಾಗಿ ಪಡೆದು ನುಂಗುವುದನ್ನು ಆ ಪದ್ಧತಿಯೂ ಒಪ್ಪುವುದಿಲ್ಲ. ಅದರ ಕ್ರಮವೇ ಬೇರೆ: ಮೊದಲು ಆಹಾರ, ಆಮೇಲೆ ನಡವಳಿಕೆ, ಅವುಗಳಿಂದ ಆಗದಿದ್ದರೆ ಔಷಧ, ಕೊನೆಗೆ ಶಾಖ ಕೊಡುವುದೇ ಮೊದಲಾದ ಹೊರ ಚಿಕಿತ್ಸೆ. ಭಾರತದಲ್ಲಿ ಸೋವಾ ರಿಗ್ಪಾಕ್ಕೆ 2010ರ ಕಾನೂನು ತಿದ್ದುಪಡಿಯಿಂದ ಅಧಿಕೃತ ಮಾನ್ಯತೆ ಸಿಕ್ಕಿದೆ. ಆ ಚಿಕಿತ್ಸೆ ಬೇಕೆನಿಸಿದರೆ ಅರ್ಹ ವೈದ್ಯರನ್ನು ಕಾಣಿರಿ, ನಿಮ್ಮ ಎಲ್ಲ ಮಾತ್ರೆಗಳ ಚೀಟಿಯನ್ನೂ ಅವರಿಗೆ ತೋರಿಸಿರಿ, ಈಗಿನ ವೈದ್ಯರಿಗೂ ತಿಳಿಸಿರಿ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿ ಒಂದು ದಿನವೂ ನಿಲ್ಲಿಸಬೇಡಿರಿ.

ಪ್ರಶ್ನೆ: ಟಿಬೆಟನ್ ವೈದ್ಯ, ಬೌದ್ಧ ದರ್ಶನ ಇವೆರಡನ್ನೂ ಕಲಿಯುವ ಆಸೆಯಿಂದ ಧರ್ಮಶಾಲೆಗೆ ಹೊರಟಿದ್ದೇನೆ. ಏನನ್ನು ನೋಡಲಿ?

ಉತ್ತರ: ಲಾಸಾದಲ್ಲಿ 1916ರಲ್ಲಿ 13ನೆಯ ದಲೈ ಲಾಮಾ ಸ್ಥಾಪಿಸಿದ ಮೆನ್-ತ್ಸೀ-ಖಾಂಗ್ ವೈದ್ಯ ಮತ್ತು ಜ್ಯೋತಿಷ ಸಂಸ್ಥೆಯನ್ನು 14ನೆಯ ದಲೈ ಲಾಮಾ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಕಟ್ಟಿದರು. ಮೊದಲು ಅಲ್ಲಿಗೆ ಹೋಗಿ. 17ನೆಯ ಶತಮಾನದ ಕೊನೆಗೆ ಟಿಬೆಟಿನ ರಾಜಪ್ರತಿನಿಧಿ ದೇಸಿ ಸಂಗ್ಯೆ ಗ್ಯಾತ್ಸೊ ಬರೆಯಿಸಿದ 79 ವೈದ್ಯಚಿತ್ರಪಟಗಳ ಪ್ರತಿ ಎಲ್ಲಾದರೂ ಕಂಡರೆ ವೈದ್ಯಶಾಸ್ತ್ರವನ್ನು ಮರವಾಗಿ ತೋರಿಸುವ ಚಿತ್ರದ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ದೇಹಸ್ಥಿತಿ, ರೋಗನಿದಾನ, ಚಿಕಿತ್ಸೆ ಎಂಬ ಮೂರು ಬೇರುಗಳಿಂದ 9 ಕಾಂಡ, 47 ಕೊಂಬೆ, 224 ಎಲೆಗಳು ಹೊರಡುತ್ತವೆ. ಇಡೀ ಶಾಸ್ತ್ರವನ್ನು ವಿದ್ಯಾರ್ಥಿಗಳು ಈ ಮರದ ಮೂಲಕವೇ ಬಾಯಿಪಾಠ ಮಾಡುತ್ತಾರೆ. ಬೌದ್ಧ ದರ್ಶನದ ಪಾಠ ಕೇಳಬೇಕೆಂದಿದ್ದರೆ 1970ರಲ್ಲಿ ಆರಂಭವಾದ ಟಿಬೆಟನ್ ಗ್ರಂಥಾಲಯದ ತರಗತಿಗಳನ್ನು ವಿಚಾರಿಸಿ. ದಲೈ ಲಾಮಾ ಅವರ ದೇವಾಲಯದ ಸುತ್ತಿನ ದಾರಿಯಲ್ಲಿ ಹಿರಿಯರು ಜಪಮಣಿ ಹಿಡಿದು ಪ್ರದಕ್ಷಿಣೆ ಬರುತ್ತಿರುತ್ತಾರೆ. ನೀವೂ ಅವರಂತೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯಿರಿ, ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿರಿ. ವೈದ್ಯರನ್ನು ಕಾಣುವುದಿದ್ದರೆ ಬೆಳಿಗ್ಗೆಯೇ ಹೋಗಿ. ಹಿಂದಿನ ರಾತ್ರಿ ಮದ್ಯ, ಭಾರಿ ಊಟ, ನಿದ್ದೆಗೇಡು ಬೇಡ, ಏಕೆಂದರೆ ಅವು ಮೂರೂ ನಾಡಿಯ ನಡೆಯನ್ನು ಬದಲಿಸುತ್ತವೆ.