ಟಿಸಿ ಜೊತೆ ಫೀಡ್‌ಬ್ಯಾಕ್ ಫಾರಂ

ಪ್ರಶ್ನೆ: ನಮ್ದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಟಿಸಿ ತಗೊಳ್ಳೋಕೆ ಬರೋ ಫೈನಲ್ ಇಯರ್ ಹುಡುಗ್ರ ಹತ್ರ ಫೀಡ್‌ಬ್ಯಾಕ್ ಫಾರಂ ತುಂಬಿಸ್ತೀವಿ, ಎಲ್ರೂ 'ವೆರಿ ಗುಡ್'ಗೇ ಟಿಕ್ ಹಾಕ್ತಾರೆ. ಏನ್ ಉಪಯೋಗ ಸಾರ್?
– ಉಪನ್ಯಾಸಕರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಟಿಸಿ ಇನ್ನೂ ಕೈಗೆ ಸಿಕ್ಕಿಲ್ಲ, ಕ್ಲರ್ಕ್ ಟೇಬಲ್ ಮುಂದೆ ನಿಂತು ರಿಜಿಸ್ಟರ್ ನಂಬರ್ ಬೇರೆ ಬರೀಬೇಕು, ಯಾರ್ ಸ್ವಾಮಿ ನಿಜ ಬರೀತಾರೆ! ಟಿಸಿ ಕೊಟ್ಟಾದ್ಮೇಲೆ ಗೂಗಲ್ ಫಾರಂ ಕಳಿಸಿ, ಹೆಸ್ರು ಕೇಳ್ಬೇಡಿ, ಇಮೇಲ್ ಕಲೆಕ್ಟ್ ಮಾಡೋ ಆಪ್ಷನ್ ಆಫ್ ಮಾಡಿ. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆ 2017ರಲ್ಲಿ ತಂದ ಸ್ಟೂಡೆಂಟ್ ಸರ್ವೆ ಇರೋದು ಇನ್ನೂ ಕಾಲೇಜಲ್ಲಿ ಓದ್ತಿರೋ ಹುಡುಗ್ರಿಗೆ, ಅದನ್ನೇ ಕಾಪಿ ಹೊಡೀಬೇಡಿ. 'ಬೋಧನೆ ಹೇಗಿತ್ತು' ಅನ್ನೋ ಬದ್ಲು ಮೊದಲ ಪೀರಿಯಡ್‌ಗೆ ಬಸ್ ಸಿಗ್ತಿತ್ತಾ, ಯಾವ ಲ್ಯಾಬ್‌ಗೆ ಬೀಗ ಬಿದ್ದಿತ್ತು, ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಯಾರು ಹೇಳ್ಕೊಟ್ರು ಅಂತ ಕೇಳಿ. ಆಮೇಲೆ ಮಧ್ಯದಲ್ಲೇ ಕಾಲೇಜು ಬಿಟ್ಟೋರಿಗೂ ಒಂದ್ ಫೋನ್ ಮಾಡಿ, ಅವ್ರು ಟಿಸಿಗೂ ಬರಲ್ಲ ನೋಡಿ.