ಪಿಎಚ್‌ಡಿ ಎಷ್ಟು ವರ್ಷ ಎಂದು ಕೇಳುವ ಮೊದಲು

ಪ್ರಶ್ನೆ: ಮಾಷ್ಟ್ರೇ, ಮಗಳು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಜರ್ಮನಿಯಲ್ಲಿ ಪಿಎಚ್‌ಡಿಗೆ ಮೂರೇ ವರ್ಷ, ಫೀಸೂ ಇಲ್ಲ. ಅಮೆರಿಕದಲ್ಲಾದರೆ ಆರು ವರ್ಷ ಅಂತಾರೆ. ಒಂದು ಏಜೆನ್ಸಿಯವರು ಜರ್ಮನಿಯಲ್ಲಿ ಸೀಟು ಕೊಡಿಸ್ತೇವೆಂದು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ? (ಬದಿಯಡ್ಕದ ಓದುಗರು)

ಉತ್ತರ: ಕೊಡಬೇಡಿ. ಊರಿನ ಹೆಸರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅಡಕೆ ಮಾರಿದ ದುಡ್ಡು ಇಂಥವರ ಕೈಗೆ ಹೋಗುವುದನ್ನು ಕಂಡು ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ವರ್ಷದ ಲೆಕ್ಕವೇ ತಪ್ಪು. ಅಮೆರಿಕದಲ್ಲಿ ಬ್ಯಾಚುಲರ್ ಪದವಿ ಆದೊಡನೆ ಪಿಎಚ್‌ಡಿಗೆ ಸೇರಬಹುದು. ಮೊದಲೆರಡು ವರ್ಷ ಹೆಚ್ಚಾಗಿ ತರಗತಿಗಳಲ್ಲೇ ಹೋಗುತ್ತದೆ, ಅರ್ಹತಾ ಪರೀಕ್ಷೆ ದಾಟಿದ ಮೇಲೆಯೇ ಪ್ರಬಂಧದ ಕೆಲಸ. ಜರ್ಮನಿಯವರು ಎಣಿಸುವುದು ಸಾಮಾನ್ಯವಾಗಿ ಎಂಎಸ್ಸಿಯ ನಂತರದ ವರ್ಷಗಳನ್ನು. ಅಲ್ಲೂ ವಿಜ್ಞಾನದವರಿಗೆ ನಾಲ್ಕೈದು ವರ್ಷ ಹಿಡಿಯುವುದು ಮಾಮೂಲು.

ವಿಚಾರಿಸಬೇಕಾದದ್ದು ಬೇರೆ ಇದೆ: ಮಗಳ ಖರ್ಚು ಯಾರದ್ದು, ಗೈಡ್ ಯಾರು, ಗೈಡಿನೊಡನೆ ಕೆಟ್ಟರೆ ಯಾರ ಬಾಗಿಲು ತಟ್ಟಬಹುದು?

ಸ್ವೀಡನ್, ನೆದರ್ಲೆಂಡ್ಸ್‌ಗಳಲ್ಲಿ ಪಿಎಚ್‌ಡಿ ಮಾಡುವವರು ಬಹುಪಾಲು ವಿಶ್ವವಿದ್ಯಾಲಯದ ನೌಕರರು. ನೌಕರಿಗೆ ಕರೆದ ಹಾಗೆಯೇ ವೆಬ್‌ಸೈಟಿನಲ್ಲಿ ಜಾಹೀರಾತು ಹಾಕುತ್ತಾರೆ: ಪ್ರಾಜೆಕ್ಟ್ ಯಾವುದು, ಏನು ಓದಿರಬೇಕು, ಎಷ್ಟು ವರ್ಷದ ಕರಾರು, ಕೊನೆಯ ದಿನಾಂಕ ಯಾವುದು. ಅರ್ಜಿಯನ್ನೂ ಅಲ್ಲೇ ತುಂಬಬೇಕು. ಸಂಬಳವಿದೆ, ಹೆರಿಗೆ ರಜೆಯಿದೆ. ನಡುವೆ ಏಜೆನ್ಸಿಗೆ ಏನು ಕೆಲಸ?

ಜರ್ಮನಿಯಲ್ಲಿ ಎರಡು ದಾರಿ. ಹಳೆಯ ದಾರಿಯಲ್ಲಿ ಒಬ್ಬ ಪ್ರೊಫೆಸರ್ ಒಪ್ಪಬೇಕು. ಕೆಲಸ ಹೇಳುವವರು ಅವರೇ, ಪ್ರಬಂಧಕ್ಕೆ ಅಂಕ ಹಾಕುವ ಪರೀಕ್ಷಕರಲ್ಲಿ ಸಾಮಾನ್ಯವಾಗಿ ಮೊದಲನೆಯವರೂ ಅವರೇ. ಒಳ್ಳೆಯವರು ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಮಗಳು ಬಾಯಿ ಬಿಡುವಂತಿಲ್ಲ. ಬ್ರಿಟನ್ನಿನಲ್ಲಿ ಗೈಡ್ ಪರೀಕ್ಷಕನಾಗುವಂತಿಲ್ಲ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಂಬಳದ ಕರಾರನ್ನೂ ಓದಬೇಕು. ಎಷ್ಟೋ ಕಡೆ ಅರ್ಧ ಹುದ್ದೆ ಅಥವಾ ಶೇ 65ರ ಹುದ್ದೆ ಕೊಡುತ್ತಾರೆ, ಸಂಬಳವೂ ಅಷ್ಟೇ ಪಾಲು, ಲ್ಯಾಬಿನಲ್ಲಿ ಮಾತ್ರ ಇಡೀ ದಿನ ಇರಬೇಕಾಗುತ್ತದೆ. ಎರಡನೆಯದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ಸಂಶೋಧನಾ ಶಾಲೆಗಳಂಥ ವ್ಯವಸ್ಥಿತ ಕಾರ್ಯಕ್ರಮ. ಅಲ್ಲಿ ಮಾರ್ಗದರ್ಶನಕ್ಕೆ ಒಬ್ಬರಿಗಿಂತ ಹೆಚ್ಚು ಜನರ ಸಮಿತಿ ಇರುತ್ತದೆ. ನನ್ನ ಮಗಳಾಗಿದ್ದರೆ ಇದಕ್ಕೇ ಮೊದಲು ಅರ್ಜಿ ಹಾಕಿಸುತ್ತಿದ್ದೆ.

ಯಾವ ವಿಷಯ ಹಿಡಿಯಬೇಕೆಂದು ಅವಳಿಗಿನ್ನೂ ಖಚಿತವಿಲ್ಲವಾದರೆ ಅಮೆರಿಕದ ಆರು ವರ್ಷ ದಂಡವಲ್ಲ. ಜೀವವಿಜ್ಞಾನದ ಹಲವು ವಿಭಾಗಗಳಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ, ಆಮೇಲೆ ಗೈಡನ್ನು ಆರಿಸಿಕೊಳ್ಳಬಹುದು. ಒಳ್ಳೆಯ ವಿಭಾಗಗಳು ಫೀಸು ಮನ್ನಾ ಮಾಡಿ, ಪಾಠಕ್ಕೋ ಸಂಶೋಧನೆಗೋ ಸಹಾಯಕಿಯಾಗಿಟ್ಟುಕೊಂಡು ಸ್ಟೈಪೆಂಡ್ ಕೊಡುತ್ತವೆ. ಬ್ರಿಟನ್ನಿನಲ್ಲಿ ಹೊರದೇಶದವರಿಗೆ ಫೀಸು ವಿಪರೀತ. ಸ್ಕಾಲರ್‌ಶಿಪ್ ಕೈಗೆ ಬಾರದೆ ತೋಟ ಅಡವಿಟ್ಟು ಅಲ್ಲಿಗೆ ಕಳಿಸಬೇಡಿ.

ಏಜೆನ್ಸಿಯವರು ಬರೆದುಕೊಟ್ಟ ಪತ್ರಗಳನ್ನು ಮಕ್ಕಳು ನನಗೆ ತಂದು ತೋರಿಸುತ್ತಾರೆ. ‘ನಿಮ್ಮ ಘನ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ’ ಎಂದು ಒಂದು ಪುಟ, ಪ್ರೊಫೆಸರರ ಹೆಸರಿನ ಜಾಗ ಮಾತ್ರ ಖಾಲಿ. ಅದನ್ನು ಯಾವ ಪ್ರೊಫೆಸರೂ ಓದುವುದಿಲ್ಲ. ಅವರ ಇತ್ತೀಚಿನ ಒಂದು ಲೇಖನ ಓದಿ, ಅದರಲ್ಲಿ ತನಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಮಗಳೇ ತನ್ನ ಮಾತಿನಲ್ಲಿ ಹತ್ತು ಸಾಲು ಬರೆಯಲಿ. ಅದಕ್ಕೂ ಮೊದಲು ಲ್ಯಾಬಿನ ಅನುಭವ ಬೇಕು. ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಇದೆ. ತೆಂಗು, ಅಡಕೆ, ಕೊಕ್ಕೋ ಮೇಲೆ ಸಂಶೋಧನೆ ನಡೆಯುವ ಜಾಗ. ಅಲ್ಲಿ ಪ್ರಾಜೆಕ್ಟಿನ ಕೆಲಸಕ್ಕೆ ಕರೆದಾಗ ಅರ್ಜಿ ಹಾಕಲಿ. ಜೊತೆಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ಬರೆಯಲಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ, ಅಷ್ಟು ಬಂದರೆ ಇಲ್ಲಿನ ಪಿಎಚ್‌ಡಿಯೂ ಕಡೆಗಣಿಸುವಂಥದ್ದಲ್ಲ.

ಪ್ರಶ್ನೆ: ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಎಂಎ ಮಾಡದೆ ನಮ್ಮ ದೇಶದಲ್ಲಿ ಪಿಎಚ್‌ಡಿಗೆ ಸೇರಬಹುದೇ? (ಕುಂಬಳೆ)

ಉತ್ತರ: ಶೇ 75 ಅಂಕವಿದ್ದರೆ ಸೇರಬಹುದು.

ಪ್ರಶ್ನೆ: ಸಮಾಜಸೇವೆಗಾಗಿ ನನಗೆ ಗೌರವ ಡಾಕ್ಟರೇಟ್ ಕೊಡುತ್ತಾರಂತೆ, ಸಮಾರಂಭದ ಶುಲ್ಕ ಕಟ್ಟಲು ಹೇಳಿದ್ದಾರೆ. (ಉಪ್ಪಳ)

ಉತ್ತರ: ಮೋಸ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು, ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಂಥ ಕೆಲಸಕ್ಕೆ ತಾನಾಗಿ ಬರುವ ಮರ್ಯಾದೆಯನ್ನು ಹಣ ಕೊಟ್ಟು ತರಬೇಡಿ.

ಪ್ರಶ್ನೆ: ಕನ್ನಡ ಎಂಎ ಆಗಿದೆ. ಶಾಲೆಯಲ್ಲಿ ಪಾಠ ಮಾಡಿಕೊಂಡೇ ಆನ್‌ಲೈನಿನಲ್ಲಿ ಪಿಎಚ್‌ಡಿ ಮಾಡಬಹುದೇ? (ಮಂಜೇಶ್ವರ)

ಉತ್ತರ: ಆನ್‌ಲೈನ್ ಪಿಎಚ್‌ಡಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಅವಕಾಶವಿಲ್ಲ, ಹಾಗೆಂದು ಮಾರುವವರನ್ನು ನಂಬಬೇಡಿ. ಪಾರ್ಟ್‌ಟೈಮ್ ಇದೆ. ಅದಕ್ಕೆ ಕೆಲಸದಲ್ಲಿರುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು, ಕೋರ್ಸ್‌ವರ್ಕನ್ನೂ, ಅಂದರೆ ನಿಗದಿತ ತರಗತಿಗಳನ್ನೂ, ಮುಗಿಸಲೇಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲೂ ಇದೆ. ಮೊದಲು ಅಲ್ಲಿಗೆ ಹೋಗಿ, ಯಾವ ಗೈಡಿನ ಬಳಿ ಜಾಗ ಖಾಲಿಯಿದೆ ಎಂದು ಕೇಳಿ.